ಮಿರ್ಚಿ ಕಳ್ಳನ ಬಿರುದು

ಜನವರಿ ೧೯, ಸೋಮವಾರ. ಗಜೇಂದ್ರಗಡ.

ಅಬ್ಬಾನ ತಾಟಿನಿಂದ ಮಿರ್ಚಿ ಭಜಿ ಕದಿಯುವುದರಲ್ಲಿ ಸರಿಸಾಟಿಯಿಲ್ಲದವನೆಂಬ ನನ್ನ ಬಿರುದನ್ನು ಹುಬ್ಬಳ್ಳಿಯ ಕಣ್ಣಿನ ದವಾಖಾನೆ ಇಂದು ಅಧಿಕೃತವಾಗಿ ರದ್ದು ಮಾಡಿತು.

ಅಬ್ಬಾ ಯಂತ್ರಕ್ಕೆ ಗದ್ದ ಆನಿಸಿ ಕೂತಿದ್ದ. ಚುಕ್ಕೆಯಂಥ ಬೆಳಕು ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಸ್ವಲ್ಪ ಹೊತ್ತು ಒತ್ತಿ ನಿಲ್ಲಿಸಿದ.

"ಮಷಿನ್ ನಿಂತೈತೇನ್ರಿ? ಲೈಟ್ ಬರವಲ್ದು."

"ಬರಾಕತ್ತೈತ್ರಿ ಕಾಕಾ," ಅಂದಳು ಪರೀಕ್ಷೆ ಮಾಡುವ ಹುಡುಗಿ, ಮೆಲ್ಲಗೆ.

ಆಮೇಲೆ ಡಾಕ್ಟರು ಕಣ್ಣೊಳಗಿನ ಫೋಟೊ ತೋರಿಸಿದರು. ಗ್ಲಾಕೋಮಾ, ನರ ಸವೆದಿದೆ. ಎರಡೂ ಕಣ್ಣಿಗೆ ಎಡಗಡೆಯ ಕೆಳಗಿನ ನೋಟ ಇಲ್ಲ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯಲು ದಿನಾ ಹನಿ ಹಾಕಬೇಕು. ಟಂಟಂ ಆಟೊ ಓಡಿಸುವುದು ಇವತ್ತಿಗೇ ಬಂದ್.

ನಾನು ಮಿರ್ಚಿ ಎತ್ತುತ್ತಿದ್ದುದು ಯಾವಾಗಲೂ ಎಡಗಡೆಯಿಂದಲೇ. ನನ್ನ ಕೈ ಚುರುಕು ಅಂದುಕೊಂಡಿದ್ದೆ.

ಬಸ್ಸಿನಲ್ಲಿ ಅಬ್ಬಾ ನಕ್ಕ. "ನನಗ ನೋವಿಲ್ಲ, ಕತ್ತಲಿಲ್ಲ. ಆಕಿ ಮಷಿನ್ನ ಕೆಟ್ಟೈತಿ. ನಾಳಿ ಸೂಡಿ ಊರ ಮಂದಿ ನನ್ನ ಟಂಟಂ ಹಾದಿ ಕಾಯ್ತಾರ."

ಸಂಜೆ ಅಮ್ಮಿ ಗಿರ್ಮಿಟ್ ಜೊತೆ ಎರಡು ಮಿರ್ಚಿ ಇಟ್ಟಳು. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಅಬ್ಬಾ ಬಲಗಡೆಯದನ್ನು ತಿಂದು ತಾಟು ನೋಡಿದ.

"ಮತ್ತ ಕದ್ದೇನಲೇ, ಕಳ್ಳಾ?"

ಮಿರ್ಚಿ ತಾಟಿನಲ್ಲೇ ಇತ್ತು. "ಹೌದು ಅಬ್ಬಾ," ಅಂದೆ. ಅಮ್ಮಿ ಎದ್ದು ಒಳಗೆ ಹೋದಳು.

ಈಗ ಟಂಟಂ ಚಾವಿ ನನ್ನ ತಲೆದಿಂಬಿನ ಕೆಳಗಿದೆ. ಇದನ್ನೂ ನನ್ನ ಚೇಷ್ಟೆಯೆಂದುಕೊಂಡು ನಾಳೆ ನಗುತ್ತಾ ಹುಡುಕುತ್ತಾನೆ. ನಾಡಿದ್ದು ನಗದೆ ಕೈ ಚಾಚಿದರೆ, ಆ ಕೈಯಲ್ಲಿ ಚಾವಿಯ ಬದಲು ಕಣ್ಣಿನ ಹನಿಯ ಬಾಟಲಿ ಇಡುತ್ತೇನೆ.