ಇಬ್ಬರ ಭಾರದ ಸ್ಪ್ರಿಂಗು

ಇವಳೇ,

ನೀನು ಸವತಿ ಎಂದು ಕರೆಯುತ್ತಿದ್ದ ನಮ್ಮ ಬೈಕು ಇವತ್ತು ಎರಡು ಲಕ್ಷ ಕಿಲೋಮೀಟರ್ ದಾಟಿತು. ನೀನು ಹೋಗಿ ಮೂರು ವರ್ಷವಾಯಿತು, ಒಂದು ಸಲವೂ ಆಯಿಲ್ ಬದಲಿಸುವುದನ್ನು ತಪ್ಪಿಸಿಲ್ಲ. ಎಂಜಿನ್ನಿನಲ್ಲಿ ಸಣ್ಣ ಸದ್ದು ಬಂದರೂ ಅದೇ ದಿನ ಗ್ಯಾರೇಜಿಗೆ ಒಯ್ಯುತ್ತೇನೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಇವತ್ತು ಮೆಕ್ಯಾನಿಕ್ ಹಿಂದಿನ ಚಕ್ರದ ಬಳಿ ಕೂತು ಕೇಳಿದ: "ಸರ್, ಈ ಸ್ಪ್ರಿಂಗು ಇಬ್ಬರ ಭಾರಕ್ಕೆ ಬಿಗಿ ಮಾಡಿದೀರಲ್ಲ. ಹಿಂದೆ ಯಾರು ಕೂರ್ತಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಸಡಿಲ ಮಾಡ್ಬಿಡ್ತೀನಿ. ಒಬ್ಬರಿಗೆ ಇಷ್ಟು ಬಿಗಿ ಇದ್ರೆ ಸುಮ್ನೆ ಕುಕ್ಕುತ್ತೆ."

ನಾನು ಬೇಡ ಎಂದೆ. ಅವನು ನನ್ನ ಮುಖ ನೋಡಿ ಸ್ಪ್ಯಾನರ್ ಕೆಳಗಿಟ್ಟ.

ನಮ್ಮ ಕೊನೆಯ ಪ್ರವಾಸದಲ್ಲಿ ನೀನು "ಬೆನ್ನು ನೋಯ್ತಿದೆ ರೀ" ಎಂದಾಗಲೆಲ್ಲ, ಇಬ್ಬರ ಭಾರಕ್ಕೆ ಸ್ಪ್ರಿಂಗು ಕುಸಿದು ಗಾಡಿ ಕುಕ್ಕುವುದರಿಂದಲೇ ಎಂದುಕೊಂಡು, ರಸ್ತೆ ಬದಿಯಲ್ಲಿ ಮಂಡಿಯೂರಿ ಈ ಸ್ಪ್ರಿಂಗನ್ನೇ ಇನ್ನಷ್ಟು ಬಿಗಿ ಮಾಡುತ್ತಿದ್ದೆ. ಹನ್ನೊಂದು ದಿನ ಅದನ್ನೇ ಮಾಡಿದೆ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ನೋವು ಎಷ್ಟು ದಿನದಿಂದ ಇದೆ ಎಂದು.

ಬಿಗಿ ಮಾಡಿದ ಪ್ರತಿ ಸಲವೂ ನೀನು ಹತ್ತಿ ಕೂತು, ನನ್ನ ಹೆಗಲು ತಟ್ಟಿ, "ಈಗ ಪರವಾಗಿಲ್ಲ, ನಡೀರಿ" ಎನ್ನುತ್ತಿದ್ದೆ.