ಹಗ್ಗ ಮುಟ್ಟಿದವರು

ಮಾರ್ಚ್ 4, ಸೋಮವಾರ

ಸಮುದ್ರದ ದಾರಿಗೆ ಬೀಗ ಹಾಕಿದ್ದಾರೆ. ಹಾಕಿದವರು ಸಿಯೆತೆ ವೆಲಾಸ್ ಹೋಟೆಲಿನವರು. ನಮ್ಮ ಗಲ್ಲಿ ಮುಗಿದು ಮರಳು ಶುರುವಾಗುವಲ್ಲಿ ಕಬ್ಬಿಣದ ಗೇಟು. ಬಣ್ಣ ಇನ್ನೂ ಆರಿಲ್ಲ. ಮೇಲೊಂದು ಬೋರ್ಡು: ಖಾಸಗಿ ಬೀಚ್. ಸುಳ್ಳು. ಮೆಕ್ಸಿಕೋದಲ್ಲಿ ಖಾಸಗಿ ಬೀಚ್ ಎಂಬುದೇ ಇಲ್ಲ. ಅಲೆ ಮುಟ್ಟುವ ಮರಳು ದೇಶದ್ದು, ದೇಶವೆಂದರೆ ಜನ. ನಾನು ಅಂಚೆಯಲ್ಲಿ ತರಿಸಿಕೊಂಡ ಕರಪತ್ರದಲ್ಲಿ ಆ ಸಾಲಿಗೆ ಅಡಿಗೆರೆ ಎಳೆದು ಎಳೆದು ಕಾಗದ ಹರಿದಿದೆ.

ಗೇಟಿನೆದುರು ನಿಂತು ಇದನ್ನೇ ಗಟ್ಟಿಯಾಗಿ ಹೇಳಿದೆ. ಒಳಗೆ ಕಾವಲಿಗೆ ನಿಂತವನು ನಬೋರ್. ಕಸಿಮಿರಾ ಅತ್ತೆಯ ಮಗ. ತಲೆಗೆ ದೊಡ್ಡದಾದ ಹೊಸ ಟೋಪಿ.

"ಮಿನಾ, ದಮ್ಮಯ್ಯ, ಮೆಲ್ಲಗೆ ಮಾತಾಡೇ. ಕೆಲಸಕ್ಕೆ ಸೇರಿದ್ದೇ ಮೊನ್ನೆ."

"ಬಲೆ ಎಳೆದು ನಿನ್ನನ್ನ ಸಾಕಿದಳಲ್ಲೋ ನಿಮ್ಮಮ್ಮ. ಅವಳಿಗೇ ಬಾಗಿಲು ಹಾಕ್ತೀಯ?"

"ಬೀಗ ಹಾಕಿದ್ದು ನಾನಲ್ಲ. ಬೀಗದ ಪಕ್ಕ ನಿಂತಿದೀನಿ, ಅಷ್ಟೆ."

ಪ್ರೆಸ್ಸಿಗೆ ತಡವಾಯಿತು. ಮಾಲೀಕರು ದೋನ್ ಫುಲ್ಹೆನ್ಸಿಯೊ ಗಡಿಯಾರ ನೋಡಿದರು. ಈಸ್ಟರಿನ ಪವಿತ್ರ ವಾರದ ರಜೆಗೆ ಮೊದಲು ಅಕಾಪುಲ್ಕೋ ಪ್ರವಾಸಿಗರ ಕೈಪಿಡಿ ಹೊರಬರಬೇಕು. ಬರೆಯುವವಳು ನಾನು, ಅಚ್ಚಿನ ಮೊಳೆ ಜೋಡಿಸುವವಳೂ ನಾನು. ಕೊಲ್ಲಿ, ಕೋಟೆ, ಮಾರ್ಕೆಟ್ಟು ಮುಗಿದವು. ಬೀಚುಗಳ ಪುಟ ಬಾಕಿ. ನಮ್ಮ ಬೀಚಿನ ಕೆಳಗೆ ಬರೆದೆ— 'ಮರದ ಚರ್ಚಿನ ಪಕ್ಕದ ಗಲ್ಲಿಯಿಂದ ಎಲ್ಲರಿಗೂ ದಾರಿ.'

ಬರೆದದ್ದೇ ಸರಿ.

ಮಾರ್ಚ್ 5, ಸಂಜೆ

ಲಾ ಕೆಬ್ರಾದಾದ ಪುಟ. ಬಂಡೆಯಿಂದ ಸಮುದ್ರಕ್ಕೆ ಹಾರುವವರ ಬಗ್ಗೆ ಹತ್ತು ಸಾಲು ಬೇಕು. ಬೆಳಿಗ್ಗೆಯಿಂದ ಬರೆದು ಹೊಡೆದುಹಾಕಿದ್ದೇ ಆಯಿತು. ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೂ ಮತ್ತೆ ಹೋಗಿ ನಿಂತೆ. ಹುಡುಗ ಬಂಡೆಯ ನೆತ್ತಿಯ ಪುಟ್ಟ ಗುಡಿಯಲ್ಲಿ ದೇವಮಾತೆಗೆ ಕೈಮುಗಿದ. ಅಂಚಿಗೆ ಬಂದ. ಕೆಳಗೆ ಇಕ್ಕಟ್ಟಿನಲ್ಲಿ ನೀರಿಲ್ಲ, ಬರೀ ಕಲ್ಲು ಕಾಣುತ್ತಿತ್ತು. ಆಗಲೇ ಹಾರಿದ! ನೀರು ಬಂದ ಮೇಲೆ ಹಾರಿದರೆ ತಡವಾಗುತ್ತದೆ. ಇನ್ನೂ ಬಾರದ ಅಲೆಯನ್ನು ನಂಬಿ ಹಾರಬೇಕು. ಅವನು ಗಾಳಿಯಲ್ಲಿದ್ದಾಗ ಅಲೆ ಒಳಗೆ ನುಗ್ಗಿತು. ಎದೆ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಕಡಲೆ ಮಾರುವವಳು ಅವನನ್ನು ದಿನಕ್ಕೆ ಐದು ಸಲ ನೋಡುವವಳು, ಅವಳೂ ಹಿಡಿದುಕೊಂಡಳು.

ಇದನ್ನು ಹತ್ತು ಸಾಲಿನಲ್ಲಿ ಹೇಗೆ…

ಮಾರ್ಚ್ 6, ಬುಧವಾರ

ದೋನ್ ಫುಲ್ಹೆನ್ಸಿಯೊ ಕರಡು ಹಿಡಿದು ಬಂದರು. ಗಲ್ಲಿಯ ಸಾಲಿನ ಮೇಲೆ ಕೆಂಪು ಗೆರೆ.

"ಇದನ್ನ ತೆಗಿ ಮಗಳೇ."

"ಯಾಕೆ?"

"ಕೈಪಿಡಿಯ ಹಿಂದಿನ ರಟ್ಟು ಪೂರ್ತಿ ಜಾಹೀರಾತಿಗೆ ಅಂತ ಸಿಯೆತೆ ವೆಲಾಸ್‌ನವರು ಕೊಂಡಿದ್ದಾರೆ. ಅವರ ಮ್ಯಾನೇಜರ್ ಲಿಕೋನಾ ಬಂದಿದ್ದ. ಬೀಚು ಹೋಟೆಲಿನ ಅತಿಥಿಗಳಿಗೆ ಮಾತ್ರ ಅಂತ ಹಾಕಬೇಕಂತೆ."

"ಅದು ಸುಳ್ಳು, ದೋನ್ ಫುಲ್ಹೆನ್ಸಿಯೊ."

"ಸುಳ್ಳು ಅಂತ ನಂಗೂ ಗೊತ್ತು. ನೀನು ಪುಟ ಮೂರರಲ್ಲಿ ನಮ್ಮ ಊರಲ್ಲಿ ಸೊಳ್ಳೆ ಇಲ್ಲ ಅಂತ ಬರೆದಿಲ್ವಾ?"

"ಸೊಳ್ಳೆ ಬೇರೆ. ಇವತ್ತು ಪುಸ್ತಕದಲ್ಲಿ ದಾರಿ ಇಲ್ಲ ಅಂದ್ರೆ, ನಾಳೆ ನ್ಯಾಯಾಲಯದಲ್ಲಿ ಈ ಪುಸ್ತಕವನ್ನೇ ತೋರಿಸ್ತಾರೆ. ನೋಡಿ, ಊರಿನವರೇ ಬರೆದಿದ್ದಾರೆ, ಯಾವತ್ತೂ ದಾರಿ ಇರಲಿಲ್ಲ ಅಂತ."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಕೆಟ್ಟವರಲ್ಲ. ಹೆದರಿದವರು. ಮುಂದಿನ ಬುಧವಾರ ಮಧ್ಯಾಹ್ನ ಆ ಪುಟ ಮಷಿನ್ನಿಗೆ ಹೋಗುತ್ತದಂತೆ. ಅಷ್ಟರೊಳಗೆ ಬದಲಾಯಿಸದಿದ್ದರೆ ತಾವೇ ಬದಲಾಯಿಸುತ್ತಾರಂತೆ, ನನಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳುತ್ತಾರಂತೆ.

ಹೇಳಲಿ.

ಮಾರ್ಚ್ 7, ಗುರುವಾರ

ಗುರುವಾರವಾದ್ದರಿಂದ ಅತ್ತೆಯ ಮನೆಯಲ್ಲಿ ಹಸಿರು ಪೊಸೋಲೆ, ಮುಸುಕಿನ ಜೋಳದ ಖಾರದ ಸಾರು. ಬಲೆಯ ತಂಡದವರೆಲ್ಲ ಬಟ್ಟಲು ಹಿಡಿದು ಅಂಗಳದಲ್ಲಿ ಕೂತಿದ್ದರು. ಯಾರ ಮೈಗೂ ಮೀನಿನ ವಾಸನೆ ಇಲ್ಲ. ಗೇಟು ಬಂದ ಮೇಲೆ ಪಕ್ಕದ ಕೊಲ್ಲಿಯಲ್ಲಿ ಬಲೆ ಬಿಟ್ಟು ನೋಡಿದ್ದಾರೆ. ಅಲ್ಲಿ ತಳದಲ್ಲಿ ಬಂಡೆ, ಬಲೆ ಹರಿದು ಬಂತು. ನಮ್ಮದು ರಂಪಣಿ ಬಲೆ— ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಿಂದ ಇಡೀ ಕೇರಿ ಎಳೆಯಬೇಕು. ಅದಕ್ಕೆ ನುಣ್ಣನೆ ಮರಳಿನ ತಳ ಬೇಕು, ಉದ್ದ ದಂಡೆ ಬೇಕು. ಅಂಥದ್ದು ಇರುವುದು ಗೇಟಿನಾಚೆ ಮಾತ್ರ. ಆ ದಂಡೆ ಹೋದರೆ ಬಲೆ ಹೋಯಿತು. ಬಲೆ ಹೋದರೆ ಕೇರಿಯ ಊಟ ಹೋಯಿತು.

ಎದ್ದು ನಿಂತು ಮಾತಾಡಿದೆ. ಕಾನೂನು ಹೇಳಿದೆ, ಕರಪತ್ರ ಹಂಚೋಣ ಅಂದೆ, ಗೇಟಿನ ಮುಂದೆ ಧರಣಿ ಕೂರೋಣ ಅಂದೆ.

ಅತ್ತೆ ಸೌಟು ಎತ್ತಿದಳು. "ಕೂತ್ಕೊಳೋದು ಮುದುಕೀರಿಗೆ ಬಿಡು. ಮೊದಲು ತಿನ್ನು, ತಣ್ಣಗಾಗ್ತಿದೆ."

ಬಲೆಯ ಯಜಮಾನ ದೋನ್ ಟಿಬುರ್ಸಿಯೊ ಮೀಸೆಗೆ ಅಂಟಿದ ಮೂಲಂಗಿ ಚೂರು ತೆಗೆದ. ಎಪ್ಪತ್ತು ದಾಟಿದೆ, ಜಂಬ ಇಳಿದಿಲ್ಲ. "ನಿನ್ನ ಕರಪತ್ರದಲ್ಲಿ ಎಷ್ಟು ಮೀನು ಸುತ್ಕೊಂಡು ಹೋಗಬಹುದು, ಹುಡುಗಿ?"

ಎಲ್ಲರೂ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂತ ಹೇಳಿದೆ.

ನಗು ನಿಂತ ಮೇಲೆ ಮುದುಕನೇ ಅಂದ— "ಗೇಟು ಇರೋದು ಗಲ್ಲಿಗೆ. ನೀರಿಗೆ ಗೇಟು ಹಾಕೋಕಾಗುತ್ತಾ? ಭಾನುವಾರ ಎರಡು ದೋಣೀಲಿ ಸಮುದ್ರದ ಕಡೆಯಿಂದ ಹೋಗಿ ಇಳಿಯೋಣ."

"ದೋಣೀಲಿ ಹಿಡಿಯೋ ಜನ ಸಾಲಲ್ಲ ಕಣೋ," ಅಂದಳು ಅತ್ತೆ.

"ಸಾಲದಿದ್ರೆ ನೀನು ಇಬ್ಬರ ಹಾಗೆ ಎಳಿ. ಇಬ್ಬರಷ್ಟು ತಿನ್ನಲ್ವಾ?"

ಮಾರ್ಚ್ 10, ಭಾನುವಾರ, ಮಧ್ಯಾಹ್ನ

ಅಂಗೈ ಸಿಪ್ಪೆ ಸುಲಿದಿದೆ. ಆದರೂ ಬರೆಯಬೇಕು.

ಬೆಳಕು ಹರಿಯುವಾಗ ಇಳಿದೆವು. ಹೋಟೆಲಿನ ಬಿಳಿ ಕುರ್ಚಿಗಳ ಸಾಲಿನೆದುರು ನಾವು, ಹರಕು ಪ್ಯಾಂಟಿನವರು. ದೋನ್ ಟಿಬುರ್ಸಿಯೊ ದೋಣಿಯಲ್ಲಿ ನಿಂತು ಹಕ್ಕಿಗಳನ್ನು ನೋಡುತ್ತಿದ್ದ. ಪೆಲಿಕಾನುಗಳು ಒಂದೇ ಕಡೆ ಬೀಳುತ್ತಿದ್ದವು. ಕೈ ಎತ್ತಿದ. ಬಲೆ ಬಿತ್ತು.

ಎಳೆದೆವು. ಮೊದಲು ಹಗುರ. ಆಮೇಲೆ ಹಗ್ಗ ನಿಂತುಬಿಟ್ಟಿತು. ನಿಂತಿದ್ದಷ್ಟೇ ಅಲ್ಲ, ಹಿಂದಕ್ಕೆ ಹೋಗತೊಡಗಿತು. ನಮ್ಮನ್ನೇ ಯಾರೋ ಎಳೆಯುತ್ತಿದ್ದಾರೆ! ಅತ್ತೆಯ ಹಿಮ್ಮಡಿ ಮರಳಿನಲ್ಲಿ ಎರಡು ಉದ್ದ ಗೀರು ಕೊರೆಯುತ್ತ ನೀರಿನ ಕಡೆ ಸರಿಯಿತು. ಗೇಟಿನಾಚೆ ಇಡೀ ಕೇರಿ ನಿಂತು ಕಂಬಿ ಅಲ್ಲಾಡಿಸುತ್ತ ಕೂಗುತ್ತಿತ್ತು.

"ನಬೋರ್!" ಅತ್ತೆ ಹಗ್ಗ ಬಿಡದೆ ಕಿರುಚಿದಳು. "ನಿಮ್ಮಮ್ಮ ಸಮುದ್ರಕ್ಕೆ ಹೋಗ್ತಿದಾಳೆ, ಅಲ್ಲಿಂದಲೇ ಸಲಾಮು ಹೊಡೀತೀಯೇನೋ?"

ನಬೋರ್ ಟೋಪಿ ತೆಗೆದ. ಅದನ್ನು ಕುರ್ಚಿಯ ಮೇಲೆ ನೀಟಾಗಿ ಇಟ್ಟ— ನೋಡಿದೆ. ಬೀಗ ತೆಗೆದ.

ಜನ ನುಗ್ಗಿದರು. ಮಕ್ಕಳು, ಮುದುಕಿಯರು, ಚರ್ಚಿಗೆ ಹೊರಟು ಬಿಳಿ ಬಟ್ಟೆ ಹಾಕಿದ್ದವರು. ಹೋಟೆಲಿನ ಅತಿಥಿಗಳೂ ಬಂದರು; ಈಜುಡುಗೆಯಲ್ಲೇ ಅಮೆರಿಕದ ಒಬ್ಬ ದಪ್ಪ ಯಾಂಕಿ ನನ್ನ ಹಿಂದೆ ಹಗ್ಗ ಹಿಡಿದು ದೇವರನ್ನು ಕರೆಯುತ್ತಿದ್ದ. ಹಿಂದಿನ ರಟ್ಟಿಗೆ ಫೋಟೋ ತೆಗೆಸಲು ಬಂದಿದ್ದ ದೋನ್ ಫುಲ್ಹೆನ್ಸಿಯೊ ಬೂಟು ಸಮೇತ ನೀರಿಗಿಳಿದರು. ಮ್ಯಾನೇಜರ್ ಲಿಕೋನಾ ಓಡಿಬಂದ. ಬಾಯಿ ತೆರೆದ. ಅತಿಥಿಗಳ ಕ್ಯಾಮೆರಾ ಕಂಡು ಬಾಯಿ ಮುಚ್ಚಿ ನಕ್ಕ. ಅವನೂ ಹಗ್ಗಕ್ಕೆ ಕೈ ಹಾಕಿದ. ಕ್ಲಿಕ್.

ಬಲೆಯ ಚೀಲ ಮೇಲೆ ಬಂತು. ಬಂಗುಡೆ, ಬಂಗುಡೆ, ಬೆಳ್ಳಿ ಕುದಿಯುವ ಹಾಗೆ. ನಡುವೆ ಕಪ್ಪಗೆ ಏನೋ ಎದ್ದಿತು. ಎದ್ದದ್ದು ಮುಗಿಯಲೇ ಇಲ್ಲ. ರೆಕ್ಕೆ. ನಮ್ಮ ಮನೆಯ ಛಾವಣಿಗಿಂತ ಅಗಲ. ಮಾಂತಾ— ಹಾರುವ ತೊರಕೆ ಮೀನು. ಅಷ್ಟು ದೊಡ್ಡದನ್ನು ದೋನ್ ಟಿಬುರ್ಸಿಯೊ ಕೂಡ ಕಂಡಿರಲಿಲ್ಲ, ಅವನ ಮುಖವೇ ಹೇಳುತ್ತಿತ್ತು. ತಲೆಯ ಪಕ್ಕದ ಕಣ್ಣು ತಿರುಗಿ ನಮ್ಮನ್ನೆಲ್ಲ ನೋಡಿತು. ಭಯವಿರಲಿಲ್ಲ ಆ ಕಣ್ಣಿನಲ್ಲಿ. ನಾನು ಓದಿದ ಯಾವ ಕಾಗದದಲ್ಲೂ ಆ ನೋಟಕ್ಕೆ ಹೆಸರಿಲ್ಲ.

ಮಾಂತಾ ಬಂದರೆ ನಮ್ಮವರು ಹಗ್ಗ ಸಡಿಲ ಬಿಡುತ್ತಾರೆ. ಬಿಟ್ಟರು. ಯಜಮಾನ ಸೊಂಟದವರೆಗೆ ನೀರಿಗಿಳಿದು ಟೋಪಿ ತೆಗೆದು, ಚೀಲದ ಬಾಯಿ ಬಿಚ್ಚಿದ. ಅದು ರೆಕ್ಕೆ ಒಂದು ಸಲ ಬೀಸಿತು. ಬೀಸಿದ್ದಕ್ಕೆ ನಾವು ಮೊಣಕಾಲಿನವರೆಗೆ ಒದ್ದೆ. ಅದರ ಹಿಂದೆ ಅರ್ಧ ಮೀನು ಹೋಯಿತು. ಯಾಂಕಿ ಅಳುತ್ತಿದ್ದ. ನಾನೂ.

ಉಳಿದ ಮೀನೇ ಗುಡ್ಡೆ ಗುಡ್ಡೆ. ಹಗ್ಗ ಮುಟ್ಟಿದ ಎಲ್ಲರಿಗೂ ಪಾಲು. ಯಾರು, ಎಲ್ಲಿಯವರು ಅಂತ ಕೇಳುವ ರೂಢಿ ಇಲ್ಲ. ಮ್ಯಾನೇಜರನಿಗೆ ದೋನ್ ಟಿಬುರ್ಸಿಯೊ ತಾನೇ ದೊಡ್ಡದೊಂದು ಆರಿಸಿ ಕೊಟ್ಟ. ಅವನು ಬಾಲ ಹಿಡಿದೆತ್ತಿ ನಕ್ಕ. ಇನ್ನೊಂದು ಕ್ಲಿಕ್. ಅಡುಗೆಮನೆಗೆ ಕಳಿಸಿ ಮಧ್ಯಾಹ್ನದ ಊಟಕ್ಕೆ ಮಾಡಿಸಿಕೊಂಡನಂತೆ, ನಬೋರ್ ಹೇಳಿದ.

ಗೇಟು ತೆರೆದೇ ಇದೆ. ಗೆದ್ದೆವು, ಅನ್ನಿಸುತ್ತಿದೆ.

ಮಾರ್ಚ್ 11, ಸೋಮವಾರ

ಬೀಗ. ಮೊದಲಿನದಕ್ಕಿಂತ ದೊಡ್ಡದು. ನಬೋರನ ಕೆಲಸ ಹೋಗಿದೆ.

ಇನ್ನು ಎಲ್ಲರೂ ತಲೆ ತಗ್ಗಿಸುತ್ತಾರೆ, ಅಂದುಕೊಂಡು ಅತ್ತೆಯ ಮನೆಗೆ ಹೋದೆ. ಅಂಗಳ ತುಂಬಿತ್ತು. ಯಾರೂ ಗೇಟಿನ ಮಾತಾಡುತ್ತಿರಲಿಲ್ಲ, ಕಾನೂನಿನ ಮಾತಂತೂ ಇಲ್ಲವೇ ಇಲ್ಲ. ದೋನ್ ಟಿಬುರ್ಸಿಯೊ ಕೆಂಪಗಾಗಿದ್ದ.

"ಪಾಲು ತಿಂದ! ನನ್ನ ಕೈಯಿಂದ ತಗೊಂಡು ತಿಂದ!"

ಅತ್ತೆಯನ್ನು ಕೇಳಿದೆ— ತಿಂದರೇನು?

ಅವಳು ನನ್ನನ್ನು ಬೇರೆ ಊರಿನವಳ ಹಾಗೆ ನೋಡಿದಳು. "ಪಾಲು ತಿಂದವನು ಮುಂದಿನ ಬಲೆಗೆ ಕೈ ಕೊಡಬೇಕು ಕಣೇ. ಯಜಮಾನ ಮನೆ ಬಾಗಿಲಿಗೆ ಹೋಗಿ ಕರೀತಾನೆ, ಅವನು ಬರ್ತಾನೆ. ನಿಮ್ಮಪ್ಪ ಜ್ವರದಲ್ಲಿ ಎದ್ದು ಹೋಗ್ತಿದ್ದ. ಇಷ್ಟೂ ಗೊತ್ತಿಲ್ವ ನಿಂಗೆ? ಏನು ಓದ್ತೀಯೋ."

ಗೊತ್ತಿತ್ತು. ಅದು ಮ್ಯಾನೇಜರನಿಗೂ ಸಲ್ಲುತ್ತದೆ ಎಂದು ಹೊಳೆದಿರಲಿಲ್ಲ. ನನಗೆ ಅವನು ಶತ್ರು. ಇವರಿಗೆ ಅವನು ತಂಡದವನು— ಪಾಲು ತಿಂದು ಬಾಗಿಲು ಹಾಕಿಕೊಂಡ ತಂಡದವನು. ಅದು ಇನ್ನೂ ಕೆಟ್ಟದ್ದು.

"ಬುಧವಾರ ಬಲೆ ಬಿಡೋದು," ಮುದುಕ ಅಂದ. "ಅದಕ್ಕೆ ಮುಂಚೆ ಅವನನ್ನ ಕರೆಯೋಕೆ ಹೋಗ್ತೀನಿ. ಅವನ ಮನೆ ಗೇಟಿನ ಆಚೆ ಇದ್ರೆ ಗೇಟಿಂದಲೇ ಕರೀತೀನಿ."

"ಒಬ್ಬನೇನಾ?" ಯಾರೋ ಕೇಳಿದರು.

"ಎಲ್ರೂ ಬನ್ನಿ. ಕೆಟ್ಟ ಮಾತು ಆಡಕೂಡದು, ಕಲ್ಲು ಎತ್ತಕೂಡದು. ಜಗಳಕ್ಕಲ್ಲ ನಾವು ಹೋಗ್ತಿರೋದು, ಕರೆಯೋಕೆ. ಬರೋವರೆಗೂ ಕರೆಯೋಕೆ."

ಗುರುವಾರ ನನ್ನ ಮಾತಿಗೆ ನಕ್ಕವರೇ ಇವರು. ಒಬ್ಬೊಬ್ಬರೇ ಎದ್ದು ಬರುತ್ತೇನೆ ಅಂದರು. ಚರ್ಚಿನ ಬಿಳಿ ಬಟ್ಟೆಯವರು ಕೂಡ. ಮೈ ಜುಮ್ಮೆಂದಿತು. ಇಷ್ಟು ದೊಡ್ಡದು ಈ ಅಂಗಳದಲ್ಲೇ ಇತ್ತು, ನಾನು ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದೆ.

ಮಾರ್ಚ್ 12, ಮಂಗಳವಾರ, ಸಂಜೆ

ಪ್ರೆಸ್. ದೋನ್ ಫುಲ್ಹೆನ್ಸಿಯೊ ಬೀಚುಗಳ ಪುಟ ಮುಂದಿಟ್ಟುಕೊಂಡು ಕೂತಿದ್ದರು. ಕೆಂಪು ಗೆರೆ ಹಾಗೇ ಇದೆ.

"ಮೀನು ಏನು ಮಾಡಿದ್ರಿ?" ಕೇಳಿದೆ.

"ಹೆಂಡತಿ ಹುರಿದಳು." ಪುಟ ಪಕ್ಕಕ್ಕೆ ಸರಿಸಿ— "ಮೂರು ತಿಂದೆ."

"ಹಾಗಾದ್ರೆ ನೀವೂ ಬರಬೇಕು ನಾಳೆ."

"ಟಿಬುರ್ಸಿಯೊ ಆಗಲೇ ಬಂದು ಕರೆದು ಹೋದ. ಟೋಪಿ ಕೈಯಲ್ಲಿ ಹಿಡ್ಕೊಂಡು, ಬಾಗಿಲಲ್ಲಿ ನಿಂತು. ನನ್ನನ್ನ ಈ ಊರಲ್ಲಿ ಯಾರೂ ಹಾಗೆ ಕರೆದಿರಲಿಲ್ಲ ಮಗಳೇ." ಕನ್ನಡಕ ಒರೆಸಿದರು. "ಆದ್ರೆ ಕೇಳು. ನಾಳೆ ಗೇಟು ತೆರೆದರೆ ನಿನ್ನ ಸಾಲು ನಿಂತ ಹಾಗೇ ಅಚ್ಚಾಗುತ್ತೆ, ರಟ್ಟು ಹೋದರೂ ಹೋಗಲಿ. ತೆರೆಯದಿದ್ರೆ… ಇಲ್ಲದ ದಾರೀನ ಇದೆ ಅಂತ ಬರೆದು ಜನರನ್ನ ಕಂಬಿಗೆ ತಲೆ ಚಚ್ಚಿಕೊಳ್ಳೋಕೆ ಕಳಿಸಲ್ಲ ನಾನು."

ನ್ಯಾಯವೇ. ಒಪ್ಪಿದೆ.

ಯಾಂಕಿಗೆ, ಚರ್ಚಿನವರಿಗೆ, ಗುಡ್ಡದ ಮೇಲಿನ ಮನೆಗಳಿಗೆ ಸುದ್ದಿ ಮುಟ್ಟಿಸಬೇಕಿತ್ತು. ಚಿಕ್ಕ ಮಷಿನ್ನು ಬಳಸಿಕೋ ಅಂದರು. ಕರಪತ್ರ ಜೋಡಿಸಲು ಕೂತೆ. ದೇಶ, ಜನ, ಹಕ್ಕು— ಮೊಳೆ ಆರಿಸಿದೆ, ವಾಪಸ್ ಖಾನೆಗೆ ಹಾಕಿದೆ. ಕೊನೆಗೆ ಇಷ್ಟೇ ಉಳಿಯಿತು. ಶಾಯಿ ಇನ್ನೂ ಹಸಿ, ನಬೋರ್ ಹಂಚಲು ಬಾಗಿಲಲ್ಲಿ ಕಾಯುತ್ತಿದ್ದಾನೆ:

ಹಗ್ಗ ಮುಟ್ಟಿದವರೆಲ್ಲ ಬನ್ನಿ. ಬುಧವಾರ, ಬೆಳಿಗ್ಗೆ ಐದೂವರೆ, ಗಲ್ಲಿಯ ಗೇಟಿನ ಹತ್ತಿರ.