ಹಸಿರು ದೀಪ ನುಂಗಿದ ನನ್ನ ಮದುವೆ

ಅರ್ಜಿ ಕೇಂದ್ರಗಳ ಗಣಕ ವ್ಯವಸ್ಥೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಮದುವೆಯಾಯಿತು! ಇಪ್ಪತ್ತೊಂದು ದಿನವಾದರೂ ಯಾರು ಸಿಕ್ಕರೂ ಮೊದಲು ಇದನ್ನೇ ಹೇಳುತ್ತೇನೆ. ಪುಣೆಯಲ್ಲಿ ಹಾಲು ಹಾಕುವವರಿಗೂ ಎರಡು ಸಲ ಹೇಳಿದ್ದೇನೆ. ಗೊತ್ತಿಲ್ಲದಿರುವುದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಅದರ ಪ್ರಕಾರ ನಾನಿನ್ನೂ ಕನ್ಯೆ.

ಲಗ್ನವಾದ ಮೂರನೆಯ ದಿನ ನಾನೂ ನಮ್ಮವರೂ (ಹೀಗೆ ಬರೆಯುವಾಗ ಇನ್ನೂ ನಗು ಬರುತ್ತದೆ) ಆಳಂದದ ಅರ್ಜಿ ಕೇಂದ್ರಕ್ಕೆ ಹೋಗಿ ವಿವಾಹ ನೋಂದಣಿಗೆ ಅರ್ಜಿ ಹಾಕಿದೆವು. ಕೌಂಟರಿನ ಅಖ್ತರಬೇಗಂ ಅವರು ಗುಂಡಿ ಒತ್ತಿದರು. ಪರದೆಯ ಮೂಲೆಯಲ್ಲಿ ಹಸಿರು ದೀಪ ಬೆಳಗುತ್ತಿತ್ತು. ‘ಸಲ್ಲಿಕೆ ಪೂರ್ಣ’ ಎಂದು ಬಂತು. ಸಂತೋಷಕ್ಕೆ ಇಡೀ ಸಾಲಿಗೆ ಪೇಡೆ ಹಂಚಿದೆ. ಎರಡು ವಾರ ಬಿಟ್ಟು ವಿಚಾರಿಸಿದರೆ ಮುಖ್ಯ ಕಚೇರಿ ಅಂಥ ಅರ್ಜಿ ಬಂದೇ ಇಲ್ಲ ಎಂದಿತು. ಹೊಸದಾಗಿ ಹಾಕೋಣವೆಂದರೆ ಕೌಂಟರಿನ ಕಂಪ್ಯೂಟರ್, ಈ ಜೋಡಿಯ ಅರ್ಜಿ ಆಗಲೇ ಸಲ್ಲಿಕೆಯಾಗಿದೆ, ಮತ್ತೊಮ್ಮೆ ತೆಗೆದುಕೊಳ್ಳಲಾಗದು ಎಂದಿತು. ಒಂದೇ ಸರಕಾರದ ಎರಡು ಯಂತ್ರಗಳು! ಒಂದಕ್ಕೆ ನಾನು ಮದುವೆಯಾಗಿಲ್ಲ, ಇನ್ನೊಂದಕ್ಕೆ ಎರಡನೆಯ ಮದುವೆಗೆ ಹೊರಟಿದ್ದೇನೆ.

ಇದರಲ್ಲಿ ಅವಸರವೇನು ಎನ್ನುತ್ತೀರಾ? ನಮ್ಮವರಾದ ಶಾಂತಕುಮಾರ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಲ್ಲಿ ಗೇಟುಗಳನ್ನು ನೋಡಿಕೊಳ್ಳುತ್ತಾರೆ. ಅಲ್ಲಿನ ಕಾಲನಿಯಲ್ಲಿ ಕುಟುಂಬಸ್ಥರ ಮನೆಯೊಂದು ಖಾಲಿಯಾಗಿದೆ. ಬರುವ ಬುಧವಾರದೊಳಗೆ ಪ್ರಮಾಣಪತ್ರ ತೋರಿಸಿದರೆ ನಮಗೆ, ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನವರಿಗೆ. ಇನ್ನೊಂದು ಖಾಲಿಯಾಗಲು ಎರಡು ವರ್ಷ ಹಿಡಿಯಬಹುದಂತೆ. ಅಲ್ಲಿಯವರೆಗೆ ಅವರು ಮೂವರು ಗೆಳೆಯರೊಂದಿಗೆ ಒಂದೇ ಕೋಣೆಯಲ್ಲಿ, ನಾನು ಪುಣೆಯ ಹಾಸ್ಟೆಲಿನಲ್ಲಿ. ಆ ಮನೆಯ ಅಡುಗೆಮನೆ ಕಿಟಕಿಯಿಂದ ಭೀಮಾ ನದಿ ಕಾಣುತ್ತದೆ, ಮಾನ್ಯರೇ. ಪರದೆಯ ಬಟ್ಟೆಯನ್ನೂ ತಂದಿಟ್ಟಿದ್ದೇನೆ.

ನಿಮ್ಮ ದುರದೃಷ್ಟಕ್ಕೆ ನಾನು ಪುಣೆಯ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಂ ಪಾಠ ಹೇಳುವವಳು. ಕಳೆದ ವಾರ ರಜೆ ಹಾಕಿ ಬಂದು, ಅಖ್ತರಬೇಗಂ ಅವರನ್ನು ಕಾಡಿ ಬೇಡಿ, ಕಂಪ್ಯೂಟರ್ ತಾನೇ ಬರೆದಿಡುವ ಆ ದಿನದ ದಾಖಲೆಯನ್ನು, ಅಂದರೆ ಲಾಗ್ ಅನ್ನು, ತೆರೆಸಿದೆ.

“ಹಸಿರು ಬತ್ತಿ ಹತ್ತೇ ಇತ್ತಲ್ರಿ ಮೇಡಂ. ಹಸಿರು ಇದ್ರ ಕೆಲಸ ಆದಂಗ ಅಂತ ಮ್ಯಾಲಿನವರೇ ಬರದು ಕಳಸ್ಯಾರ,” ಎಂದರು ಅವರು.

“ಮತ್ತ ಅರ್ಜಿ ಎಲ್ಲಿಗಿ ಹೋಯ್ತ್ರಿ?”

“ಅದು ಆ ಬತ್ತಿಗೇ ಕೇಳ್ಬೇಕ್ರಿ.”

ಕೇಳಿದೆ. ತಿಳಿದದ್ದನ್ನು ಎಲ್ಲರಿಗೂ ಅರ್ಥವಾಗುವಂತೆ ಹೇಳುತ್ತೇನೆ. ಕಂಪ್ಯೂಟರಿನ ಯಾವ ಪ್ರೋಗ್ರಾಮೂ ತಾನಾಗಿ ಜಾಲಕ್ಕೆ ಇಳಿಯುವುದಿಲ್ಲ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅದಕ್ಕೊಂದು ಕಿಟಕಿ ತೆರೆದು ಕೊಡುತ್ತದೆ, ಅದೇ ಸಾಕೆಟ್. ಅಲ್ಲಿ ಕಾಗದ ಕೊಟ್ಟರೆ ಕರ್ನಲ್ ತನ್ನ ಚೀಲಕ್ಕೆ ಹಾಕಿಕೊಂಡು ‘ಆಯಿತು’ ಎನ್ನುತ್ತದೆ. ಚೀಲಕ್ಕೆ ಬಿತ್ತು ಎಂದಷ್ಟೇ ಅದರ ಅರ್ಥ, ಮುಟ್ಟಿತು ಎಂದಲ್ಲ. ದಾರಿಯಲ್ಲಿ ಸಂಪರ್ಕ ಕಡಿದರೆ ಆ ದೋಷವನ್ನು ಕಿಟಕಿಯಲ್ಲಿ ಬರೆದಿಡುತ್ತದೆ. ಮುಂದೆ ಯಾರು ಮೊದಲು ಕೇಳುತ್ತಾರೋ ಅವರಿಗೆ ಒಮ್ಮೆ ಹೇಳಿ ಅಳಿಸಿಬಿಡುತ್ತದೆ. ನಿಮ್ಮ ಹಸಿರು ದೀಪವೋ ಸೆಕೆಂಡಿಗೊಮ್ಮೆ ಕೇಳುತ್ತದೆ! ನಮ್ಮ ಅರ್ಜಿ ಹೊರಟ ಗಳಿಗೆಯಲ್ಲಿ ಸಂಪರ್ಕ ಕಡಿದ ಸುದ್ದಿ ಅದಕ್ಕೇ ಸಿಕ್ಕಿತು. ‘ನಾಗರಿಕರಲ್ಲಿ ಆತಂಕ ಮೂಡದಂತೆ’ ಸದಾ ಬೆಳಗಬೇಕೆಂಬ ನಿಮ್ಮ ಸುತ್ತೋಲೆಗೆ ತಲೆಬಾಗಿ ಅದು ಬೆಳಗುತ್ತಲೇ ಇತ್ತು. ಅರ್ಜಿಯ ಪ್ರೋಗ್ರಾಂ ಬಂದು ಕೇಳುವಷ್ಟರಲ್ಲಿ ಬರೆದದ್ದು ಅಳಿಸಿತ್ತು. ದೋಷವೇನೂ ಇಲ್ಲ, ಆ ಕಡೆಯವರು ಮಾತು ಮುಗಿಸಿದ್ದಾರೆ ಎಂದಿತು ಕರ್ನಲ್. ಪ್ರೋಗ್ರಾಂ ಅದನ್ನೇ ನಂಬಿತು. ಸಲ್ಲಿಕೆ ಪೂರ್ಣ!

ಈ ಸ್ವಭಾವ ನನಗೆ ಹೊಸದೇನಲ್ಲ. ನಮ್ಮ ಲಗ್ನದ ದಿನ ಬೀಗರು ಜೇವರ್ಗಿ ತಾಲ್ಲೂಕಿನ ಕೊಳಕೂರದಿಂದ ಆಳಂದಕ್ಕೆ ಹೊರಟ ಟೆಂಪೊ ನಡುದಾರಿಯಲ್ಲಿ ಕೆಟ್ಟು ನಿಂತಿತು. ಮಾವನವರಾದ ದೌಲತರಾಯರು ಫೋನ್ ಮಾಡಿದರು. ಫೋನ್ ಇದ್ದದ್ದು ನನ್ನ ಅಜ್ಜಿ ಗುರುಬಾಯಿಯ ಕೈಯಲ್ಲಿ. ಆಕೆಯನ್ನು ಮೊದಲು ಕೇಳಿದವರು ವಿಡಿಯೊ ತೆಗೆಯುವ ನಿಜಾಮುದ್ದೀನ: “ಆಯಿ, ಬೀಗರು ಎಲ್ಲಿತನಕ ಬಂದಾರ್ರಿ?” ಅಜ್ಜಿ ಎಲ್ಲವನ್ನೂ ಹೇಳಿದಳು. ಅವರು “ಆಯ್ತ್ರಿ” ಎಂದು ಹಂದರದ ಹೂವು ಚಿತ್ರೀಕರಿಸಲು ಹೋದರು. ಆಮೇಲೆ ಅವ್ವ ಬಂದಳು.

“ಎವ್ವಾ, ಬೀಗರ ಸುದ್ದಿ ಏನರ ಅದ ಏನ್?”

“ಏನೂ ಇಲ್ಲ.”

ಒಂದು ತಾಸು ನಾನು ಬಾಸಿಂಗ ಕಟ್ಟಿಕೊಂಡು ಕೂತೆ, ಮಂದಿ ಅಕ್ಕಿಕಾಳು ಹಿಡಿದು ಕೂತರು. ಕೊನೆಗೆ ನಿಜಾಮುದ್ದೀನರೇ ಬಂದು, “ಟೆಂಪೊ ರಿಪೇರಿ ಆಯ್ತೇನ್ರಿ?” ಎಂದು ಕೇಳಿದಾಗ ಅವ್ವ ಹೌಹಾರಿದಳು.

“ನನಗ್ಯಾಕ ಹೇಳ್ಲಿಲ್ಲಬೇ?”

“ಮೊದಲ ಕೇಳ್ದಂವಗ ಹೇಳೀನಲ್ಲ. ಒಂದೇ ಮಾತು ಮನಿಮಂದಿಗೆಲ್ಲ ಹೇಳ್ಕೋತ ಕೂಡ್ಲೇನು?”

ಎರಡು ಜೀಪು ಓಡಿದವು, ಮದುವೆಯೂ ಆಯಿತು. ಅಜ್ಜಿಗೆ ಎಂಬತ್ತೆರಡು ವರ್ಷ. ನಿಮ್ಮ ಕರ್ನಲ್‌ಗೆ ಯಾವ ನೆಪ?

ಇದು ದಶಕಗಳ ಪದ್ಧತಿ, ಎಲ್ಲ ಕಡೆಯೂ ಹೀಗೆಯೇ ಎಂದು ನೀವು ಹೇಳಬಹುದು. ನಿಜ, ನಾನೇ ತರಗತಿಯಲ್ಲಿ ಹೇಳಿಕೊಟ್ಟಿದ್ದೇನೆ, ಹುಡುಗರು ನಿದ್ದೆಗಣ್ಣಿನಲ್ಲಿ ಬರೆದುಕೊಂಡಿದ್ದಾರೆ. ಸಣ್ಣ ತೊಡಕಿಗೆಲ್ಲ ಕರ್ನಲ್ ಕೂಗಾಡಬೇಕೆಂದೂ ನಾನು ಕೇಳುತ್ತಿಲ್ಲ. ಟೆಂಪೊ ಕೆಟ್ಟರೆ ಮದುವೆ ಮುರಿಯುವುದಿಲ್ಲ. ದಾರಿ ತಾತ್ಕಾಲಿಕವಾಗಿ ಕಟ್ಟಿದ್ದರೆ ಸುಮ್ಮನೆ ಮತ್ತೆ ಮತ್ತೆ ಯತ್ನಿಸಲಿ. ಆದರೆ ಸಂಪರ್ಕ ಸತ್ತಮೇಲೆ ಸತ್ತಿದೆ ಎಂದೇ ಹೇಳಬೇಕು. ಹತ್ತು ಮಂದಿ ಕೇಳಿದರೆ ಹತ್ತು ಸಲ ಹೇಳಬೇಕು. ಅರ್ಜಿ ಕೊಟ್ಟ ಪ್ರೋಗ್ರಾಂ ಕೇಳಿಸಿಕೊಳ್ಳುವವರೆಗೆ ದೋಷವನ್ನು ಅಳಿಸಬಾರದು. ಇಣುಕಿ ನೋಡುವ ದೀಪಕ್ಕೆ ನೋಡುವ ಹಕ್ಕಿರಲಿ, ನುಂಗುವ ಹಕ್ಕು ಬೇಡ. ಕೆಟ್ಟ ಸುದ್ದಿಯನ್ನು ಮುಚ್ಚಿಟ್ಟರೆ ಆತಂಕ ಕಡಿಮೆಯಾಗುತ್ತದೆಯೇ? ಆಗುತ್ತದೆ. ನಿಮ್ಮದು.

ಕರ್ನಲ್ ತಿದ್ದಲು ತಿಂಗಳುಗಳು ಬೇಕೆಂದು ಬಲ್ಲೆ; ಅದಕ್ಕೆ ಒಂದು ಆದೇಶವನ್ನಾದರೂ ಈಗ ಹೊರಡಿಸಿ. ದೀಪವನ್ನು ಇಂದೇ ಆರಿಸಿ. ನಮ್ಮ ಅರ್ಜಿಗೆ ಬಿದ್ದಿರುವ ‘ಪೂರ್ಣ’ ಎಂಬ ಬೀಗವನ್ನು ಸೋಮವಾರ ಬೆಳಿಗ್ಗೆ ಕೌಂಟರ್ ತೆರೆಯುವುದರೊಳಗೆ ತೆಗೆಸಿ. ತೆಗೆಸಿದ್ದೇವೆ ಎಂದು ನನಗೆ ತಿಳಿಸಿ. ದಯವಿಟ್ಟು ನನಗೇ, ಮೊದಲು ಕೇಳಿದವರಿಗಲ್ಲ.

ಇಂತಿ, ಒಬ್ಬ ಗಂಡ, ಎರಡು ಮೀಟರ್ ಪರದೆ ಬಟ್ಟೆ ಎರಡೂ ಇರುವ ನಿಮ್ಮ ಕನ್ಯೆ,
ಸೃಷ್ಟಿ ಶಾಂತಕುಮಾರ

ತಾ.ಕ.: ಮತ್ತೆ ಅರ್ಜಿ ಹಾಕಲು ನಾನು ಬರುವ ದಿನವನ್ನು ಅಜ್ಜಿಗೆ, ಅವ್ವನಿಗೆ, ಮಾವನವರಿಗೆ, ನಮ್ಮವರಿಗೆ ಬೇರೆ ಬೇರೆಯಾಗಿ ಫೋನ್ ಮಾಡಿ ಹೇಳಿ, ಪ್ರತಿಯೊಬ್ಬರಿಂದಲೂ ‘ಕೇಳಿಸ್ತು’ ಎಂಬ ಉತ್ತರ ಪಡೆದಿದ್ದೇನೆ. ಉಳಿದವರು ನೀವೊಬ್ಬರೇ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಕಲಬುರಗಿಗೆ, ಈ ಭಾನುವಾರ, ಉದ್ಯಾನ ಎಕ್ಸ್‌ಪ್ರೆಸ್.